ಹಳೆಯ ಗೇಮ್ ಕನ್ಸೋಲ್‌ನ ಸ್ಟೀರಿಂಗ್ ವೀಲ್‌ಗೆ ಮತ್ತೆ ಜೀವ: ಫೋರ್ಸ್ ಫೀಡ್‌ಬ್ಯಾಕ್ ಬೆಂಬಲ ಸೇರಿಸುವುದು ಹೇಗೆ?

ಪ್ಲೇಸ್ಟೇಷನ್ 2 ಮತ್ತು 3ರ ಕಾಲದಲ್ಲಿ ಸಾವಿರಾರು ರೂಪಾಯಿ ಕೊಟ್ಟು ಕೊಂಡ ಸ್ಟೀರಿಂಗ್ ವೀಲ್‌ಗಳು ಈಗ ಅಟ್ಟದ ಮೇಲೋ ಹಳೆಯ ಸಾಮಾನಿನ ಅಂಗಡಿಯಲ್ಲೋ ಇವೆ. ಅವುಗಳಲ್ಲಿ ಎಷ್ಟೋ ವೀಲ್‌ಗಳ ಮೋಟಾರ್, ಗೇರ್, ಪೆಡಲ್ ಇನ್ನೂ ಗಟ್ಟಿಮುಟ್ಟಾಗಿವೆ. ಆದರೆ ಇಂದಿನ ಕಂಪ್ಯೂಟರ್‌ಗೆ ಜೋಡಿಸಿದಾಗ ಒಂದು ವಿಚಿತ್ರ ಸ್ಥಿತಿ ಎದುರಾಗುತ್ತದೆ. ಪರದೆಯ ಮೇಲೆ ಕಾರು ತಿರುಗುತ್ತದೆ, ಗುಂಡಿಗಳೂ ಕೆಲಸ ಮಾಡುತ್ತವೆ, ಕೈಗೆ ತಾಗಬೇಕಾದ ಎಳೆತ ಮಾತ್ರ ಬರುವುದಿಲ್ಲ. ಕೆಟ್ಟಿರುವುದು ಯಂತ್ರವಲ್ಲ. ಅದರ ಜತೆ ಮಾತನಾಡಲು ಬೇಕಾದ ಭಾಷೆ ಕಂಪ್ಯೂಟರ್‌ಗೆ ಗೊತ್ತಿಲ್ಲ, ಅಷ್ಟೇ. ಆ ಭಾಷೆಯನ್ನು ಕಲಿಸುವ ಕೆಲಸಕ್ಕೇ ‘ಬೆಂಬಲ ಸೇರಿಸುವುದು’ ಎನ್ನುತ್ತಾರೆ.

ಏನಿದು ಫೋರ್ಸ್ ಫೀಡ್‌ಬ್ಯಾಕ್?

ಸಾಮಾನ್ಯ ಗೇಮ್‌ಪ್ಯಾಡ್‌ನ ನಡುಕಕ್ಕೂ ವೀಲ್‌ನ ಫೋರ್ಸ್ ಫೀಡ್‌ಬ್ಯಾಕ್‌ಗೂ ಬಹಳ ವ್ಯತ್ಯಾಸವಿದೆ. ಗೇಮ್‌ಪ್ಯಾಡ್‌ನೊಳಗೆ ಒಂದು ಕಡೆ ಭಾರವಿರುವ ಪುಟ್ಟ ಮೋಟಾರ್ ಸುತ್ತುತ್ತದೆ, ಕೈ ಅದುರುತ್ತದೆ. ಅದಕ್ಕೆ ಎಡ, ಬಲ ಎಂಬ ದಿಕ್ಕಿಲ್ಲ. ವೀಲ್‌ನಲ್ಲಿ ಹಾಗಲ್ಲ. ಮೋಟಾರ್ ನೇರವಾಗಿ ಸ್ಟೀರಿಂಗ್‌ನ ದಂಡಕ್ಕೆ ಗೇರ್ ಮೂಲಕ ಸೇರಿರುತ್ತದೆ. ತಿರುವಿನಲ್ಲಿ ಚಕ್ರ ಭಾರವಾಗುವುದು, ಟೈರ್ ಹಿಡಿತ ತಪ್ಪಿದಾಗ ತಟ್ಟನೆ ಹಗುರಾಗುವುದು, ರಸ್ತೆಯಂಚಿನ ಕಲ್ಲಿಗೆ ತಾಗಿದಾಗ ಒಂದು ಕಡೆಗೆ ಸೆಳೆಯುವುದು ಇವೆಲ್ಲ ಕೈಗೆ ತಿಳಿಯುತ್ತವೆ. ಆಟಗಾರನಿಗೆ ಇದು ಬರೀ ಮಜಾ ಅಲ್ಲ, ಮಾಹಿತಿ. ಕಾರು ಜಾರುತ್ತಿದೆ ಎಂಬುದು ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ.

ಅಟಾರಿ ಗೇಮ್ಸ್ 1989ರಲ್ಲೇ ತನ್ನ ‘ಹಾರ್ಡ್ ಡ್ರೈವಿನ್’ ಆರ್ಕೇಡ್ ಯಂತ್ರದಲ್ಲಿ ಇಂಥ ಸ್ಟೀರಿಂಗ್ ಕೊಟ್ಟಿತ್ತು. ಮನೆಯ ಕನ್ಸೋಲ್‌ನಲ್ಲಿ ಇದು ಜನಪ್ರಿಯವಾದದ್ದು 2001ರಲ್ಲಿ, ‘ಗ್ರ್ಯಾನ್ ಟುರಿಸ್ಮೊ 3’ ಆಟದ ಜತೆ ಬಂದ ಲಾಜಿಟೆಕ್‌ನ ಜಿಟಿ ಫೋರ್ಸ್ ವೀಲ್‌ನಿಂದ. ಪ್ಲೇಸ್ಟೇಷನ್ 2ರಲ್ಲಿ ಎರಡು ಯುಎಸ್‌ಬಿ ಪೋರ್ಟ್ ಇದ್ದದ್ದು ಇದಕ್ಕೆ ಅನುಕೂಲವಾಯಿತು. ನಂತರ ಡ್ರೈವಿಂಗ್ ಫೋರ್ಸ್, 900 ಡಿಗ್ರಿ ತಿರುಗುವ ಡ್ರೈವಿಂಗ್ ಫೋರ್ಸ್ ಪ್ರೊ, 2006ರಲ್ಲಿ ಜಿ25, ಆಮೇಲೆ ಡ್ರೈವಿಂಗ್ ಫೋರ್ಸ್ ಜಿಟಿ, ಜಿ27 ಸಾಲಾಗಿ ಬಂದವು. ಹಳೆಯ ವೀಲ್‌ಗಳಿಗೆ ಬೆಂಬಲ ಸೇರಿಸುವ ಕೆಲಸ ಹೆಚ್ಚು ನಡೆದಿರುವುದು ಈ ಕುಟುಂಬದ ಮೇಲೆಯೇ. ಹಾಗಾಗಿ ಉದಾಹರಣೆಗೂ ಇದೇ ಸೂಕ್ತ.

ಬೇರೆ ಹೆಸರು ಹೇಳುವ ವೀಲ್

ಯುಎಸ್‌ಬಿ ಸಾಧನವನ್ನು ಚುಚ್ಚಿದ ತಕ್ಷಣ ಅದು ತನ್ನ ತಯಾರಕರ ಸಂಖ್ಯೆ ಮತ್ತು ಮಾದರಿಯ ಸಂಖ್ಯೆಯನ್ನು ಹೇಳುತ್ತದೆ. ಲಾಜಿಟೆಕ್‌ನ ಸಂಖ್ಯೆ 046ಡಿ. ಜಿ27ರ ನಿಜವಾದ ಮಾದರಿ ಸಂಖ್ಯೆ ಸಿ29ಬಿ. ಆದರೆ ಜೋಡಿಸಿದಾಗ ಅದು ಹೇಳುವುದು ಸಿ294 ಎಂದು. ಅದು ಹಳೆಯ ಡ್ರೈವಿಂಗ್ ಫೋರ್ಸ್‌ನ ಸಂಖ್ಯೆ! ಜಿ25, ಡ್ರೈವಿಂಗ್ ಫೋರ್ಸ್ ಪ್ರೊ, ಡ್ರೈವಿಂಗ್ ಫೋರ್ಸ್ ಜಿಟಿ ಕೂಡ ಇದೇ ವೇಷ ಹಾಕುತ್ತವೆ.

ಇದರಲ್ಲಿ ಮೋಸವೇನೂ ಇಲ್ಲ. ಪ್ಲೇಸ್ಟೇಷನ್ 2ರ ಆಟಗಳು ಡಿಸ್ಕ್‌ನಲ್ಲಿ ಮುದ್ರಣವಾಗಿ ಹೊರಬಂದ ಮೇಲೆ ಅವುಗಳಿಗೆ ಹೊಸ ವೀಲ್‌ನ ಪರಿಚಯ ಮಾಡಿಸುವ ದಾರಿ ಇರಲಿಲ್ಲ. ಆದ್ದರಿಂದ ಹೊಸ ವೀಲ್ ತಾನು ಹಳೆಯದೇ ಎಂದು ಹೇಳಿಕೊಂಡು ಕೆಲಸ ಶುರುಮಾಡುತ್ತಿತ್ತು. ಹೊಸ ಮಾದರಿಯನ್ನು ಬಲ್ಲ ಆಟವಾದರೆ ಒಂದು ಆಜ್ಞೆ ಕಳುಹಿಸಿ ಅದನ್ನು ನಿಜರೂಪಕ್ಕೆ ಕರೆಯುತ್ತಿತ್ತು. ಅಂದಿನ ಮಟ್ಟಿಗೆ ಜಾಣತನದ ಈ ಏರ್ಪಾಡೇ ಇಂದು ಮೊದಲ ತೊಡಕು. ವೇಷದಲ್ಲೇ ಉಳಿದರೆ 900 ಡಿಗ್ರಿ ತಿರುಗಬಲ್ಲ ವೀಲ್ ಸುಮಾರು 200 ಡಿಗ್ರಿಗೆ ಸೀಮಿತವಾಗುತ್ತದೆ. ಸ್ಟೀರಿಂಗ್‌ನ ಸ್ಥಾನವನ್ನು 16,384 ಹಂತಗಳಲ್ಲಿ ಹೇಳಬಲ್ಲ ಸಾಧನ ಬರೀ 1,024 ಹಂತಗಳಲ್ಲಿ ಹೇಳುತ್ತದೆ. ಕ್ಲಚ್ ಪೆಡಲ್ ಇದ್ದೂ ಇಲ್ಲದಂತೆ.

ಹಾಗಾದರೆ ವೇಷದ ಹಿಂದೆ ಯಾರಿದ್ದಾರೆ ಎಂದು ತಿಳಿಯುವುದು ಹೇಗೆ? ಸಾಧನವು ತನ್ನ ಆವೃತ್ತಿ ಸಂಖ್ಯೆಯನ್ನೂ ಹೇಳುತ್ತದೆ, ಅದನ್ನು ಮಾತ್ರ ಬದಲಿಸಿರುವುದಿಲ್ಲ. ಲಿನಕ್ಸ್‌ನ ಡ್ರೈವರ್ ತಂತ್ರಾಂಶ ಹುಡುಕುವುದು ಇದೇ ಸುಳಿವನ್ನು. ಆವೃತ್ತಿ 13ರಿಂದ ಶುರುವಾದರೆ ಡ್ರೈವಿಂಗ್ ಫೋರ್ಸ್ ಜಿಟಿ, 123 ಎಂದಿದ್ದರೆ ಜಿ27, ಉಳಿದ 12 ಎಂದರೆ ಜಿ25. ಗುರುತು ಸಿಕ್ಕ ಮೇಲೆ ಆಯಾ ವೀಲ್‌ಗೆ ಅದರದೇ ಆಜ್ಞೆ ಹೋಗುತ್ತದೆ. ಜಿ25ಕ್ಕೆ ‘ಎಫ್8 10’, ಡ್ರೈವಿಂಗ್ ಫೋರ್ಸ್ ಪ್ರೊಗೆ ‘ಎಫ್8 01’, ಜಿ27ಕ್ಕೆ ‘ಎಫ್8 09 04 01’ (ಇವೆಲ್ಲ ಹದಿನಾರರ ಎಣಿಕೆಯ ಅಂಕೆಗಳು). ಆಜ್ಞೆ ತಲುಪಿದ ಕೂಡಲೇ ವೀಲ್ ಒಮ್ಮೆ ಸಂಪರ್ಕ ಕಡಿದುಕೊಂಡು, ತನ್ನ ನಿಜವಾದ ಹೆಸರಿನೊಂದಿಗೆ ಮರಳಿ ಬರುತ್ತದೆ.

ಒಂದೇ ಎಳೆಯಲ್ಲಿ ಎರಡು ಪೆಡಲ್

ಡ್ರೈವಿಂಗ್ ಫೋರ್ಸ್ ಮತ್ತು ಪ್ರೊ ಮಾದರಿಗಳಲ್ಲಿ ಇನ್ನೊಂದು ಸಮಸ್ಯೆಯಿದೆ. ಆಕ್ಸಿಲರೇಟರ್ ಮತ್ತು ಬ್ರೇಕ್ ಎರಡನ್ನೂ ಅವು ಒಂದೇ ಅಕ್ಷವಾಗಿ ಕಂಪ್ಯೂಟರ್‌ಗೆ ತೋರಿಸುತ್ತವೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಒಂದನ್ನೊಂದು ಕಳೆದುಕೊಂಡು ಏನೂ ಒತ್ತಿಲ್ಲ ಎಂಬಂತಾಗುತ್ತದೆ. ತಿರುವಿಗೆ ಮುನ್ನ ಬ್ರೇಕ್ ಹಿಡಿದುಕೊಂಡೇ ಆಕ್ಸಿಲರೇಟರ್ ತಟ್ಟುವವರಿಗೆ ಇದು ದೊಡ್ಡ ತೊಂದರೆ. ವಿಶೇಷವೆಂದರೆ ಎರಡೂ ಪೆಡಲ್‌ಗಳ ಪ್ರತ್ಯೇಕ ಅಳತೆ ವೀಲ್ ಕಳುಹಿಸುವ ಮಾಹಿತಿಯಲ್ಲೇ ಇದೆ. ಆದರೆ ತಯಾರಕರ ಖಾಸಗಿ ಭಾಗವೆಂದು ಗುರುತು ಹಾಕಿರುವುದರಿಂದ ಸಾಮಾನ್ಯ ತಂತ್ರಾಂಶ ಅದನ್ನು ಓದುವುದಿಲ್ಲ. ಲಿನಕ್ಸ್ ಡ್ರೈವರ್ ಬರೆದವರು ವೀಲ್ ಕೊಡುವ ಈ ವಿವರಣಾ ಪಟ್ಟಿಯನ್ನೇ ಬದಿಗಿಟ್ಟು, ತಿದ್ದಿದ ಪಟ್ಟಿಯೊಂದನ್ನು ಆ ಜಾಗದಲ್ಲಿ ಇಟ್ಟರು. ವೀಲ್‌ನ ಒಳಗೆ ಒಂದು ತಂತಿಯನ್ನೂ ಮುಟ್ಟದೆ ಪೆಡಲ್‌ಗಳು ಬೇರೆಯಾದವು.

ಏಳು ಬೈಟ್‌ನಲ್ಲಿ ಬಲ

ಇಷ್ಟಾದ ಮೇಲೆ ಬರುವುದೇ ಮುಖ್ಯ ಭಾಗ. ಈ ಕುಟುಂಬದ ವೀಲ್‌ಗಳಿಗೆ ಪ್ರತಿ ಆಜ್ಞೆಯೂ ಏಳು ಬೈಟ್‌ನ ಪುಟ್ಟ ಪೊಟ್ಟಣ. ವೀಲ್‌ನ ಚಿಪ್ ಒಳಗೆ ನಾಲ್ಕು ಖಾನೆಗಳಿವೆ. ಒಂದೊಂದು ಖಾನೆಯಲ್ಲಿ ಒಂದೊಂದು ಬಗೆಯ ಬಲವನ್ನು ತುಂಬಬಹುದು, ನಾಲ್ಕೂ ಸೇರಿ ಮೋಟಾರ್ ತಿರುಗುತ್ತದೆ. ಮೊದಲ ಬೈಟ್‌ನ ಒಂದು ಅಂಕೆ ಯಾವ ಖಾನೆ ಎಂದು ಹೇಳಿದರೆ, ಇನ್ನೊಂದು ಏನು ಮಾಡಬೇಕು ಎಂದು ಹೇಳುತ್ತದೆ.

‘11 08 80 80’ ಎಂದು ಕಳುಹಿಸಿದರೆ ಮೊದಲ ಖಾನೆಯಲ್ಲಿ ಸ್ಥಿರ ಬಲ ಶುರು ಮಾಡು ಎಂದರ್ಥ. ಮೂರನೆಯ ಬೈಟ್ ಬಲದ ಪ್ರಮಾಣ. 80 ಎಂದರೆ ನಮ್ಮ ಎಣಿಕೆಯಲ್ಲಿ 128, ಅದು ಸೊನ್ನೆ ಬಲ. ಅದಕ್ಕಿಂತ ಕಡಿಮೆಯಾದರೆ ಒಂದು ಕಡೆಗೆ, ಹೆಚ್ಚಾದರೆ ಇನ್ನೊಂದು ಕಡೆಗೆ ಎಳೆತ. ‘13’ ಕಳುಹಿಸಿದರೆ ಆ ಖಾನೆ ಖಾಲಿ. ತಿರುಗುವ ಮಿತಿ ಬದಲಿಸಲು ‘ಎಫ್8 81’ ಬಳಸಿ ಅದರ ಮುಂದೆ ಡಿಗ್ರಿಯನ್ನು ಬರೆಯಬೇಕು. 900 ಡಿಗ್ರಿಗೆ ‘84 03’. ನೋಡಲು ಇಷ್ಟು ಸರಳವಾದರೂ ದಾಖಲೆ ಕೈಯಲ್ಲಿಲ್ಲದವರು ಇದನ್ನು ಕಂಡುಕೊಳ್ಳಬೇಕಾದರೆ, ಅಧಿಕೃತ ಡ್ರೈವರ್ ಇರುವ ವಿಂಡೋಸ್ ಯಂತ್ರದಲ್ಲಿ ಯುಎಸ್‌ಬಿ ತಂತಿಯ ಮೇಲೆ ಹರಿಯುವ ಮಾಹಿತಿಯನ್ನು ವೈರ್‌ಶಾರ್ಕ್‌ನಂಥ ತಂತ್ರಾಂಶದಿಂದ ಹಿಡಿದು, ಒಂದೊಂದೇ ಬಲವನ್ನು ಬದಲಿಸಿ, ಯಾವ ಬೈಟ್ ಬದಲಾಯಿತು ಎಂದು ಗಂಟೆಗಟ್ಟಲೆ ನೋಡುತ್ತ ಕೂರಬೇಕು.

ಬಲಗಳಲ್ಲೂ ಬಗೆಗಳಿವೆ. ಸ್ಥಿರ ಬಲ ಒಂದೇ ಕಡೆಗೆ ಎಳೆಯುತ್ತದೆ. ಸ್ಪ್ರಿಂಗ್ ಬಲ ಚಕ್ರವನ್ನು ನಡುವಿಗೆ ತರುತ್ತದೆ. ಡ್ಯಾಂಪರ್ ಬಲ ಚಕ್ರ ಎಷ್ಟು ವೇಗವಾಗಿ ತಿರುಗುತ್ತದೋ ಅಷ್ಟು ತಡೆಯೊಡ್ಡುತ್ತದೆ. ಘರ್ಷಣೆ, ಅಲೆಯಂಥ ಕಂಪನ ಬೇರೆ. ‘ಬೆಂಬಲವಿದೆ’ ಎಂಬ ಮಾತನ್ನು ಪೂರ್ತಿ ನಂಬಬಾರದು ಎನ್ನುವುದು ಇಲ್ಲಿಯೇ. ಲಿನಕ್ಸ್ ಕರ್ನಲ್‌ನ ಜತೆಗೇ ಬರುವ ಎಲ್‌ಜಿ4ಎಫ್‌ಎಫ್ ಡ್ರೈವರ್ ಹಲವು ವರ್ಷ ಸ್ಥಿರ ಬಲ ಮತ್ತು ನಡುವಿಗೆ ತರುವ ಸೌಲಭ್ಯವನ್ನಷ್ಟೇ ನೀಡುತ್ತಿತ್ತು. ಸ್ಪ್ರಿಂಗ್, ಡ್ಯಾಂಪರ್ ಕೇಳುವ ಆಟಗಳಲ್ಲಿ ವೀಲ್ ಸುಮ್ಮನೆ ಕೂರುತ್ತಿತ್ತು. ಕರ್ನಲ್‌ನ ಹೊರಗೆ ಬೆಳೆದ ನ್ಯೂ-ಎಲ್‌ಜಿ4ಎಫ್‌ಎಫ್ ಎಂಬ ಡ್ರೈವರ್ ಈ ಕೊರತೆಯನ್ನು ತುಂಬಿತು. ಬೇಕಾದವರು ಓವರ್‌ಸ್ಟೀರ್ ಎಂಬ ಇನ್ನೊಂದು ಉಚಿತ ತಂತ್ರಾಂಶದಿಂದ ತಿರುಗುವ ಮಿತಿ, ಬಲದ ಪ್ರಮಾಣವನ್ನು ಮೌಸ್‌ನಲ್ಲೇ ಹೊಂದಿಸಿಕೊಳ್ಳಬಹುದು.

ಡ್ಯಾಂಪರ್ ಬಲವನ್ನು ಕಂಪ್ಯೂಟರ್‌ನಲ್ಲೇ ಲೆಕ್ಕ ಹಾಕಿ ಸ್ಥಿರ ಬಲವಾಗಿ ಕಳುಹಿಸಿದರೆ ಸಾಲದೇ ಎಂಬ ಪ್ರಶ್ನೆ ಬರಬಹುದು. ಕಳುಹಿಸಬಹುದು, ಆದರೆ ಸ್ಥಾನ ಕಂಪ್ಯೂಟರ್‌ಗೆ ಬಂದು, ಲೆಕ್ಕವಾಗಿ, ಬಲ ಮರಳುವಷ್ಟರಲ್ಲಿ ಚಕ್ರ ಬೇರೆ ಕಡೆ ಇರುತ್ತದೆ. ಆಗ ತಡೆಯಬೇಕಾದ ಬಲವೇ ತಳ್ಳತೊಡಗಿ, ಕೈಬಿಟ್ಟ ವೀಲ್ ಎಡಬಲಕ್ಕೆ ತೂಗಾಡುತ್ತದೆ. ವೀಲ್‌ನೊಳಗಿನ ಚಿಪ್‌ಗೆ ಈ ಪ್ರಯಾಣವಿಲ್ಲ. ಖಾನೆಗಳು ಇರುವುದು ಅದಕ್ಕೇ.

ವಿಂಡೋಸ್‌ನಲ್ಲಿ ಸ್ಥಿತಿ ಸ್ವಲ್ಪ ಬೇರೆ. ಡೈರೆಕ್ಟ್‌ಎಕ್ಸ್ 5ರ ಕಾಲದಿಂದ, ಅಂದರೆ 1997ರಿಂದ, ಡೈರೆಕ್ಟ್‌ಇನ್‌ಪುಟ್ ಈ ಎಲ್ಲ ಬಲಗಳನ್ನು ಬಲ್ಲದು. ಜಿ25, ಜಿ27ಕ್ಕೆ ಲಾಜಿಟೆಕ್ ಗೇಮಿಂಗ್ ಸಾಫ್ಟ್‌ವೇರ್ ಎಂಬ ಹಳೆಯ ತಂತ್ರಾಂಶ ಹಾಕಿಕೊಂಡರೆ ಕೆಲಸ ನಡೆಯುತ್ತದೆ. ಆದರೆ ಎಕ್ಸ್‌ಬಾಕ್ಸ್ 360ರ ಜತೆ ಬಂದ ಎಕ್ಸ್‌ಇನ್‌ಪುಟ್‌ಗೆ ಗೊತ್ತಿರುವುದು ಎರಡು ನಡುಕದ ಮೋಟಾರ್ ಮಾತ್ರ. ಅದನ್ನಷ್ಟೇ ನಂಬಿದ ಆಟದಲ್ಲಿ ಎಂಥ ವೀಲ್ ಇದ್ದರೂ ಎಳೆತ ಸಿಗದು.

ಎಮ್ಯುಲೇಟರ್‌ನಲ್ಲಿ ಕೆಲಸ ತಿರುವುಮುರುವು

ಹಳೆಯ ವೀಲ್ ಅಲ್ಲ, ಹಳೆಯ ಆಟವನ್ನು ಉಳಿಸಬೇಕಾದವರ ಕಥೆ ಇನ್ನೊಂದು. ‘ಗ್ರ್ಯಾನ್ ಟುರಿಸ್ಮೊ 4’ ಆಟವನ್ನು ಪಿಸಿಎಸ್‌ಎಕ್ಸ್2 ಎಮ್ಯುಲೇಟರ್‌ನಲ್ಲಿ ಆಡುವಾಗ, ತನಗೆ ಪ್ಲೇಸ್ಟೇಷನ್ 2 ಮತ್ತು ಅದರ ವೀಲ್ ಜೋಡಿಸಲಾಗಿದೆ ಎಂದೇ ಆಟ ಭಾವಿಸುತ್ತದೆ. ಅದು ಅದೇ ಏಳು ಬೈಟ್‌ಗಳನ್ನು ಕಳುಹಿಸುತ್ತದೆ. ಡ್ರೈವರ್ ಬಲವನ್ನು ಬೈಟ್ ಆಗಿ ಬರೆದರೆ ಎಮ್ಯುಲೇಟರ್ ಬೈಟ್‌ನಿಂದ ಬಲವನ್ನು ಓದಬೇಕು. ಓದಿದ್ದನ್ನು ಆಟಗಾರನ ಮೇಜಿನ ಮೇಲಿರುವ, ಬಹುಶಃ ಬೇರೆಯೇ ಕಂಪನಿಯ, ವೀಲ್‌ಗೆ ಅನುವಾದಿಸಬೇಕು. ಮೊದಲು ಇದಕ್ಕೆ ಪ್ರತ್ಯೇಕ ಪ್ಲಗಿನ್ ಬೇಕಿತ್ತು. ಈಗ ಎಮ್ಯುಲೇಟರ್‌ನ ಯುಎಸ್‌ಬಿ ಆಯ್ಕೆಯಲ್ಲೇ ಡ್ರೈವಿಂಗ್ ಫೋರ್ಸ್ ಪ್ರೊ, ಜಿಟಿ ಫೋರ್ಸ್ ಮುಂತಾದವು ಸಿಗುತ್ತವೆ. ಯಾವ ಆಟ ಯಾವ ವೀಲ್ ಅನ್ನು ಗುರುತಿಸುತ್ತಿತ್ತೋ ಅದನ್ನೇ ಆರಿಸಬೇಕು. ಇಲ್ಲದಿದ್ದರೆ ಆಟಕ್ಕೆ ವೀಲ್ ಕಾಣುವುದೇ ಇಲ್ಲ.

ಯುಎಸ್‌ಬಿ ಇಲ್ಲದ ಕಾಲದ ಸಾಧನಗಳಿಗೆ ತಂತ್ರಾಂಶವೊಂದೇ ಸಾಲದು. ಮೊದಲ ಪ್ಲೇಸ್ಟೇಷನ್‌ಗೆ ನ್ಯಾಮ್ಕೊ ತಂದ ‘ಜಾಗ್‌ಕಾನ್’ ಗೇಮ್‌ಪ್ಯಾಡ್‌ನ ನಡುವೆ ಮೋಟಾರ್ ಇರುವ ಪುಟ್ಟ ಚಕ್ರವಿತ್ತು, ‘ರಿಡ್ಜ್ ರೇಸರ್ ಟೈಪ್ 4’ ಆಟದ ಜತೆ ಬಳಸಲು. ಅದನ್ನು ಕಂಪ್ಯೂಟರ್‌ಗೆ ತರಲು ನಡುವೆ ಒಂದು ಮೈಕ್ರೊಕಂಟ್ರೋಲರ್ ಕೂರಿಸಿ, ಕನ್ಸೋಲ್‌ನ ಪೋರ್ಟ್‌ನಂತೆ ನಟಿಸುವಂತೆ ಮಾಡಬೇಕಾಗುತ್ತದೆ.

ಬಾಗಿಲು ಹಾಕಿದ ಕನ್ಸೋಲ್‌ಗಳು

ಹಳೆಯ ವೀಲ್ ಅನ್ನು ಹೊಸ ಕನ್ಸೋಲ್‌ಗೆ ಜೋಡಿಸುವುದು ಇವೆಲ್ಲಕ್ಕಿಂತ ಕಷ್ಟ. ಪ್ಲೇಸ್ಟೇಷನ್ 4ಕ್ಕೆ ಜಿ27ರ ಅಧಿಕೃತ ಬೆಂಬಲವಿಲ್ಲ. 2015ರಲ್ಲಿ ಬಂದ ಜಿ29ಕ್ಕೆ ಇದೆ. ಎರಡರ ಒಳಗೂ ಎರಡು ಮೋಟಾರ್, ಓರೆ ಹಲ್ಲಿನ ಗೇರ್. ಯಂತ್ರದ ದೃಷ್ಟಿಯಿಂದ ಇವು ಅಣ್ಣತಮ್ಮಂದಿರು. ವ್ಯತ್ಯಾಸ ಇರುವುದು, ಪರವಾನಗಿ ಪಡೆದ ಸಾಧನ ತಾನು ಎಂದು ಕನ್ಸೋಲ್‌ಗೆ ಸಾಬೀತುಪಡಿಸುವ ಗೂಢಲಿಪಿಯ ಪರೀಕ್ಷೆಯಲ್ಲಿ. ಅದಕ್ಕೆ ಉತ್ತರಿಸುವ ಕೀಲಿ ಹಳೆಯ ವೀಲ್‌ನಲ್ಲಿಲ್ಲ. ಮಾರುಕಟ್ಟೆಯ ಅಡಾಪ್ಟರ್‌ಗಳು ಮತ್ತು ಜಿಮ್ಎಕ್ಸ್‌ನಂಥ ಮುಕ್ತ ಯೋಜನೆಗಳು ಕಂಡುಕೊಂಡ ಉಪಾಯವೆಂದರೆ, ಅಧಿಕೃತ ಕಂಟ್ರೋಲರ್ ಒಂದನ್ನೂ ಜತೆಗೆ ಜೋಡಿಸಿ ಪರೀಕ್ಷೆಗೆ ಅದರಿಂದ ಉತ್ತರ ಕೊಡಿಸುವುದು. ಸುಸ್ಥಿತಿಯ ವೀಲ್ ಮೂಲೆ ಸೇರಲು ಕಾರಣ ಸವೆತವಲ್ಲ, ಇಂಥ ಬೀಗ. ಇದು ಕೊಳ್ಳುವವರಿಗೆ ಮೊದಲೇ ತಿಳಿದಿದ್ದರೆ ಒಳ್ಳೆಯದು.

ಜೋಡಿಸುವ ಮುನ್ನ ಗಮನಿಸಿ

ವಿದೇಶದಿಂದ ತಂದ ಹಳೆಯ ವೀಲ್ ಆದರೆ ಮೊದಲು ನೋಡಬೇಕಾದ್ದು ವಿದ್ಯುತ್ ಅಡಾಪ್ಟರ್‌ನ ಚೀಟಿ. ಅಮೆರಿಕದಲ್ಲಿ ಮಾರಿದ ಕೆಲವು ಅಡಾಪ್ಟರ್‌ಗಳು ಅಲ್ಲಿನ 120 ವೋಲ್ಟ್‌ಗೆ ಮಾತ್ರ ಮಾಡಿದವು, ಇಲ್ಲಿನ 230 ವೋಲ್ಟ್‌ಗೆ ಚುಚ್ಚಿದರೆ ಸುಟ್ಟುಹೋಗುತ್ತವೆ. ಜಿ27ಕ್ಕೆ ಬೇಕಾದದ್ದು 24 ವೋಲ್ಟ್. ಯುಎಸ್‌ಬಿಯಿಂದ ಮೋಟಾರ್‌ಗೆ ಸಾಕಷ್ಟು ವಿದ್ಯುತ್ ಸಿಗುವುದಿಲ್ಲ, ಹಾಗಾಗಿ ಅಡಾಪ್ಟರ್ ಇಲ್ಲದೆ ಪರೀಕ್ಷಿಸಿ ‘ಎಳೆತ ಬರುತ್ತಿಲ್ಲ’ ಎಂದು ಡ್ರೈವರ್ ಅನ್ನು ದೂರುವುದರಲ್ಲಿ ಅರ್ಥವಿಲ್ಲ.

ಸರಿಯಾಗಿ ಜೋಡಿಸಿದಾಗ ವೀಲ್ ತಾನಾಗಿಯೇ ಎಡಬಲದ ತುದಿ ಮುಟ್ಟಿ ನಡುವಿಗೆ ಬರುತ್ತದೆ. ಆಗ ಕೈ ದೂರವಿರಲಿ. ಪ್ರತಿ ಸಲವೂ ನಡು ಬೇರೆ ಕಡೆ ಬರುತ್ತಿದ್ದರೆ ತಂತ್ರಾಂಶದಲ್ಲಿ ಹುಡುಕಬೇಡಿ. ಜಿ25, ಜಿ27ರಲ್ಲಿ ಮೋಟಾರ್‌ನ ದಂಡದ ಮೇಲಿರುವ, ತಿರುಗುವಿಕೆಯನ್ನು ಎಣಿಸುವ ಪ್ಲಾಸ್ಟಿಕ್ ಬಿಲ್ಲೆ ಬಿರುಕು ಬಿಡುವುದು ಹಳೆಯ ಕಾಯಿಲೆ. ಲೋಹದ ಬದಲಿ ಬಿಲ್ಲೆ ಹಾಕಿ ಸರಿಪಡಿಸಿಕೊಂಡವರಿದ್ದಾರೆ.

ಹೊಸದಾಗಿ ಬರೆದ ಡ್ರೈವರ್‌ನಲ್ಲಿ ಅತಿ ಸಾಮಾನ್ಯ ತಪ್ಪೆಂದರೆ ಬಲದ ದಿಕ್ಕು ಅದಲುಬದಲಾಗುವುದು. ಆಗ ನಡುವಿಗೆ ತರಬೇಕಾದ ಸ್ಪ್ರಿಂಗ್ ಚಕ್ರವನ್ನು ನಡುವಿನಿಂದ ಓಡಿಸುತ್ತದೆ, ಪೂರ್ತಿ ಬಲದಲ್ಲಿ ತುದಿಗೆ ಹೋಗಿ ಬಡಿಯುತ್ತದೆ. ಬೆರಳು ಕಡ್ಡಿಗಳ ನಡುವೆ ಸಿಕ್ಕಿದ್ದರೆ ನೋವು ಖಚಿತ. ಆದ್ದರಿಂದ ಮೊದಲ ಪರೀಕ್ಷೆಯನ್ನು ಬಲದ ಪ್ರಮಾಣ ತೀರಾ ಕಡಿಮೆ ಇಟ್ಟು, ವೀಲ್ ಅನ್ನು ಮೇಜಿಗೆ ಬಿಗಿದು, ಅಡಾಪ್ಟರ್‌ನ ಸ್ವಿಚ್ ಕೈಗೆ ಸಿಗುವಂತೆ ಇಟ್ಟುಕೊಂಡು ಮಾಡುವುದು ರೂಢಿ.