ವಾಸ್ತುಶಿಲ್ಪ ಶಿಕ್ಷಣದಲ್ಲಿ ಧ್ವನಿವಿಜ್ಞಾನ

ಮಾತು, ಸಂಗೀತ ಸ್ಪಷ್ಟವಾಗಿ ಕೇಳುವಂತೆ, ಬೇಡದ ಸದ್ದು ಒಳನುಗ್ಗದಂತೆ ಕಟ್ಟಡ ರೂಪಿಸುವುದನ್ನು ವಾಸ್ತುಶಿಲ್ಪ ವಿದ್ಯಾರ್ಥಿಗಳಿಗೆ ಕಲಿಸುವ ಅಧ್ಯಯನ ವಿಭಾಗ. ಪ್ರತ್ಯೇಕ ಪಾಠವಾಗಿ ಇದು 20ನೆಯ ಶತಮಾನದ್ದು. ಇದರ ಹಿಂದಿನ ಕಾಳಜಿ ಬಹಳ ಹಳೆಯದು. ವಾಸ್ತುಶಿಲ್ಪಿಗೆ ಸಂಗೀತಜ್ಞಾನವೂ ಬೇಕೆಂದು ರೋಮಿನ ವಿಟ್ರೂವಿಯಸ್ ಕ್ರಿ.ಪೂ. 1ನೆಯ ಶತಮಾನದಲ್ಲೇ ಬರೆದಿದ್ದ. ನಾಟ್ಯಮಂಟಪ ಅತಿ ದೊಡ್ಡದಾದರೆ ನಟರ ಮಾತು ತಿಳಿಯದೆಂದು ಭರತನ ನಾಟ್ಯಶಾಸ್ತ್ರ ಎಚ್ಚರಿಸುತ್ತದೆ.

ಆದರೆ ಹಳಬರಲ್ಲಿ ಅಳತೆ ಇರಲಿಲ್ಲ. ಅದು ಸಿಕ್ಕಿದ್ದು ಒಂದು ಕೆಟ್ಟ ಕೋಣೆಯಿಂದ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಹೊಸ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಕೊಠಡಿಯಲ್ಲಿ ಆಡಿದ ಮಾತೆಲ್ಲ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತಿತ್ತು. ಸರಿಪಡಿಸುವ ಕೆಲಸ ಭೌತವಿಜ್ಞಾನದ ಕಿರಿಯ ಅಧ್ಯಾಪಕ ವಾಲೇಸ್ ಸಬೈನ್ ಪಾಲಿಗೆ ಬಂತು. ಬೀದಿಯ ಗದ್ದಲ ಅಡಗಿದ ರಾತ್ರಿಗಳಲ್ಲಿ ಅವನು ಆರ್ಗನ್ ಕೊಳವೆ ನುಡಿಸಿ, ನಿಲ್ಲಿಸಿ, ಉಳಿದ ನಾದ ಎಷ್ಟು ಹೊತ್ತು ಕೇಳುತ್ತದೆಂದು ತನ್ನ ಕಿವಿಯನ್ನೇ ನಂಬಿ ಅಳೆದ. ಖಾಲಿ ಕೊಠಡಿಯಲ್ಲಿ ಅದು ಸುಮಾರು 5.5 ಸೆಕೆಂಡು. ಸದ್ದು ಹೀರಲೆಂದು ಹಾರ್ವರ್ಡ್‌ನದೇ ಸ್ಯಾಂಡರ್ಸ್ ರಂಗಮಂದಿರದ ಆಸನದ ಮೆತ್ತೆಗಳನ್ನು ಹೊತ್ತು ತಂದು ಹರಡುತ್ತ ಹೋದಂತೆ ಅವಧಿ ಇಳಿಯಿತು. ಹೀಗೆ ಉಳಿಯುವ ನಾದದ, ಅಂದರೆ ಅನುರಣನದ, ಅವಧಿ ಕೊಠಡಿಯ ಗಾತ್ರಕ್ಕೆ ನೇರವಾಗಿ, ಅದರ ಒಟ್ಟು ಸದ್ದುಹೀರಿಕೆಗೆ ವಿಲೋಮವಾಗಿ ಇರುತ್ತದೆಂಬ ಸೂತ್ರ ಹೊರಬಂದದ್ದು ಹೀಗೆ. ಆ ಲೆಕ್ಕವನ್ನು ಮುಂಚಿತವಾಗಿ ಬಳಸಿ ಕಟ್ಟಿದ ಬಾಸ್ಟನ್ ಸಿಂಫನಿ ಹಾಲ್ 1900ರಲ್ಲಿ ತೆರೆಯಿತು.

ಸೂತ್ರ ಭೌತವಿಜ್ಞಾನದ್ದಾದ್ದರಿಂದ ಪಾಠವೂ ಬಹುಕಾಲ ಆ ಕಡೆಯವರದೇ ಆಗಿತ್ತು. ಧ್ವನಿವಿಜ್ಞಾನಿಗಳಾದ ನುಡ್ಸನ್ ಮತ್ತು ಹ್ಯಾರಿಸ್ 1950ರಲ್ಲಿ ವಾಸ್ತುಶಿಲ್ಪಿಗಳಿಗಾಗಿಯೇ ಪಠ್ಯ ಬರೆದರು. ಸ್ವತಃ ವಾಸ್ತುಶಿಲ್ಪ ಓದಿದ್ದ ರಾಬರ್ಟ್ ನ್ಯೂಮನ್ ಎಂಐಟಿ ಮತ್ತು ಹಾರ್ವರ್ಡ್‌ನಲ್ಲಿ ದೀರ್ಘಕಾಲ ಕಲಿಸಿದರು. ಬೋಲ್ಟ್, ಬೆರಾನೆಕ್ ಅಂಡ್ ನ್ಯೂಮನ್ ಸಲಹಾ ಸಂಸ್ಥೆಯ ಮೂರನೆಯ ಹೆಸರು ಅವರದೇ. 1983ರಲ್ಲಿ ಅವರು ತೀರಿಕೊಂಡ ಬಳಿಕ ಅವರ ಹೆಸರಿನ ವಿದ್ಯಾರ್ಥಿ ನಿಧಿ ಸ್ಥಾಪನೆಯಾಯಿತು. ಅಮೆರಿಕದ ಧ್ವನಿವಿಜ್ಞಾನ ಸಂಘದ ವಿದ್ಯಾರ್ಥಿ ವಿನ್ಯಾಸ ಸ್ಪರ್ಧೆಗೂ ಇದರ ಬೆಂಬಲವಿದೆ. ಸ್ಪರ್ಧಿಗಳು ಕೊಟ್ಟ ಕಟ್ಟಡವೊಂದಕ್ಕೆ ನಕ್ಷೆ ಬರೆದು, ಅನುರಣನ ಮತ್ತು ಸದ್ದುತಡೆಯ ಲೆಕ್ಕವನ್ನೂ ತೋರಿಸಬೇಕು.

ಈ ಬಗೆಯ ಯೋಜನಾ ಪಾಠ ಬರಿಯ ಉಪನ್ಯಾಸಕ್ಕಿಂತ ಮೇಲೆನ್ನಲು ಕಾರಣವಿದೆ. ಗಾತ್ರ, ಆಕಾರ ಮೊದಲ ರೇಖಾಚಿತ್ರದಲ್ಲೇ ನಿರ್ಧಾರವಾಗಿಬಿಡುತ್ತವೆ. ಆಮೇಲೆ ಉಳಿಯುವುದು ಗೋಡೆಗೆ ಫಲಕ ಬಡಿಯುವ ಕೆಲಸ. 200 ಘನ ಮೀಟರಿನ ತರಗತಿಯಲ್ಲಿ ಹೀರಿಕೆ (ಸದ್ದನ್ನು ಪೂರ್ತಿ ಹೀರುವ ಮೇಲ್ಮೈಯ ಲೆಕ್ಕದಲ್ಲಿ) 20 ಚದರ ಮೀಟರಿನಷ್ಟಿದ್ದರೆ ಅನುರಣನ ಸುಮಾರು 1.6 ಸೆಕೆಂಡು. ಪಾಠ ತಿಳಿಯಲು ಬೇಕಾದ 0.6 ಸೆಕೆಂಡಿಗೆ ಇಳಿಸಲು ಹೀರಿಕೆ 54 ಚದರ ಮೀಟರಿಗೆ ಏರಬೇಕು. ಅಷ್ಟು ಜಾಗ ಎಲ್ಲಿಂದ ತರುವುದೆಂಬ ಪ್ರಶ್ನೆ ಎದುರಾಗುವುದು ಸ್ಟುಡಿಯೋದಲ್ಲಿ, ಪರೀಕ್ಷಾ ಕೊಠಡಿಯಲ್ಲಲ್ಲ.

ಭಾರತದ ಬಿ.ಆರ್ಕ್ ಪಠ್ಯಗಳಲ್ಲಿ ಈ ವಿಷಯ ಸಾಮಾನ್ಯವಾಗಿ ನೀರು, ವಿದ್ಯುತ್ತುಗಳ ಜೊತೆಗೆ ‘ಕಟ್ಟಡ ಸೇವೆ’ಗಳ ಸಾಲಿಗೆ ಸೇರುತ್ತದೆ, ಆಳವಾಗಿ ಓದುವವರಿಗೆ ಐಚ್ಛಿಕ ಪತ್ರಿಕೆ. ಕರ್ನಾಟಕದವರಿಗೆ ಪ್ರಯೋಗಶಾಲೆಯಂತೂ ಹತ್ತಿರದಲ್ಲೇ ಇದೆ. ಸಿ.ವಿ. ರಾಮನ್ 1920ರ ದಶಕದ ಆರಂಭದಲ್ಲಿ ಅಧ್ಯಯನ ಮಾಡಿದ ಪಿಸುಗುಟ್ಟುವ ಗ್ಯಾಲರಿಗಳಲ್ಲಿ ವಿಜಯಪುರದ ಗೋಲಗುಮ್ಮಟವೂ ಒಂದು. ಗೋಡೆಗುಂಟ ಪಿಸುಮಾತನ್ನು ಆಚೆ ಬದಿಗೆ ಮುಟ್ಟಿಸುವ ಆ ಬಾಗಿದ ಮೇಲ್ಮೈ, ಅದೇ ಗುಮ್ಮಟದಡಿ ಭಾಷಣ ಮಾಡಿದರೆ ಒಂದು ವಾಕ್ಯವನ್ನೂ ನೆಟ್ಟಗೆ ಕೇಳಿಸಗೊಡದು.