ಯಾ, ರೂ ಮತ್ತು ವ್ಯಾರ್: ಅವ್ಯಕ್ತಕ್ಕೆ ಗುರುತು ಹಚ್ಚಿದ ಚರಿತ್ರೆ

ಮಾತು ಒಂದು ಸಣ್ಣ ತಪ್ಪಿನಿಂದ ಶುರು ಮಾಡ್ತೀನಿ. ತಪ್ಪು ನನ್ನದೇ.

ಸೊಲ್ಲಾಪುರ ಜಿಲ್ಲೆಯಲ್ಲಿ, ಅದರಲ್ಲೂ ಅಕ್ಕಲಕೋಟ ತಾಲ್ಲೂಕಿನಲ್ಲಿ, ಕನ್ನಡ ಮಾಧ್ಯಮದ ಶಾಲೆಗಳಿವೆ. ಅಲ್ಲಿನ ಮಕ್ಕಳಿಗೆಂದು ಬೀಜಗಣಿತದ ಒಂದು ಪಾಠವನ್ನು ವೆಬ್ ಪುಟಕ್ಕೆ ಇಳಿಸಿದೆ. ಎಕ್ಸ್, ವೈ ಬೇಡ, ಕನ್ನಡ ಅಕ್ಷರವೇ ಇರಲಿ ಅಂತ ಹಟ. ಹಾಗಾಗಿ ‘ಆ ಬೆಲೆ ಕಂಡುಹಿಡಿಯಿರಿ’ ಎಂದು ಬರೆದೆ. ಓದಿದ ಹುಡುಗ ಕೇಳಿದ: ‘ಯಾವ ಬೆಲಿರಿ ಸರ?’ ನನಗೆ ಆ ಒಂದು ಚರಾಕ್ಷರ. ಅವನಿಗೆ ಆ ಅಂದ್ರ ‘ಅದು’ ಅಷ್ಟೇ.

ಅಕ್ಷರವನ್ನು ಓರೆ ಮಾಡಿದೆ. ಇಂಗ್ಲಿಷ್ ಮುದ್ರಣದಲ್ಲಿ ಚರಾಕ್ಷರ ಓರೆಯಾಗಿರುವುದು ವಾಡಿಕೆ. ಕನ್ನಡ ಲಿಪಿಗೆ ಆ ವಾಡಿಕೆ ಇಲ್ಲ. ಹೆಚ್ಚಿನ ಫಾಂಟ್‌ಗಳಲ್ಲಿ ಓರೆ ರೂಪವೇ ಇಲ್ಲದ್ದರಿಂದ ಬ್ರೌಸರ್ ನೆಟ್ಟಗಿನ ಅಕ್ಷರವನ್ನೇ ಪಕ್ಕಕ್ಕೆ ಬಾಗಿಸುತ್ತದೆ. ಸಾಲದ್ದಕ್ಕೆ ಪುಸ್ತಕದ ಹೆಸರು, ಒತ್ತಿ ಹೇಳಿದ ಮಾತು, ಎಲ್ಲಕ್ಕೂ ಅದೇ ಓರೆ. ಯಾವುದು ಚರಾಕ್ಷರ ಅಂತ ಆಮೇಲೆ ನನಗೇ ಬೇರ್ಪಡಿಸಲು ಆಗಲಿಲ್ಲ. ಓರೆ ಅಕ್ಷರ ಹೇಗೆ ಕಾಣಬೇಕೆಂದು ಹೇಳುತ್ತದೆ, ಅದು ಏನೆಂದು ಹೇಳುವುದಿಲ್ಲ.

ಈ ತೊಡಕು ಹಳೆಯದು. 1150ರ ಬೀಜಗಣಿತದಲ್ಲಿ ಭಾಸ್ಕರಾಚಾರ್ಯ ಅವ್ಯಕ್ತ ರಾಶಿಯನ್ನು ಯಾವತ್ತಾವತ್ ಎನ್ನುತ್ತಾನೆ. ಇನ್ನೂ ಬೇಕಾದರೆ ಕಾಲಕ, ನೀಲಕ, ಪೀತಕ, ಅಂದರೆ ಕಪ್ಪು, ನೀಲಿ, ಹಳದಿ. ಬರೆಯುವಾಗ ಹೆಸರಿನ ಮೊದಲಕ್ಷರ ಸಾಕು: ಯಾ, ಕಾ, ನೀ. ತನ್ನ ಊರು ವಿಜ್ಜಡವಿಡ ಎಂದು ಆತನೇ ಹೇಳಿದ್ದಾನೆ. ಅದು ನಮ್ಮ ನೆರೆಯ ವಿಜಯಪುರ ಎಂದು ಕೆಲವರು, ಚಾಳೀಸಗಾಂವ ಕಡೆಯದು ಎಂದು ಕೆಲವರು. ಆ ವಾದಕ್ಕೆ ಇಲ್ಲಿ ಇಳಿಯುವುದಿಲ್ಲ.

ಆತನ ಒಂದು ಲೆಕ್ಕ ನೋಡ್ರಿ. ಒಬ್ಬನ ಹತ್ತಿರ 6 ಕುದುರೆ, 300 ಹಣ. ಇನ್ನೊಬ್ಬನ ಹತ್ತಿರ 10 ಕುದುರೆ, 100 ಸಾಲ. ಇಬ್ಬರ ಆಸ್ತಿ ಸಮ. ಮೊದಲ ಸಾಲು: ಯಾ 6 ರೂ 300. ಅದರ ಕೆಳಗೆ: ಯಾ 10 ರೂ 100, ಸಾಲವೆಂದು ತೋರಿಸಲು 100ರ ಮೇಲೊಂದು ಚುಕ್ಕೆ. ಕುದುರೆಯ ಬೆಲೆ 100. ಇಲ್ಲಿ ‘ರೂ’ ಎಂದರೆ ರೂಪ, ಗೊತ್ತಿರುವ ಸಂಖ್ಯೆ. ಗೊತ್ತಿಲ್ಲದ್ದಕ್ಕಷ್ಟೇ ಅಲ್ಲ, ಗೊತ್ತಿದ್ದದ್ದಕ್ಕೂ ಗುರುತು! ಆದರೆ ಇವತ್ತು ಸೊಲ್ಲಾಪುರದ ಪೇಟೆಯಲ್ಲಿ ಅದನ್ನು ರೂಪಾಯಿ ಅಂತಲೇ ಓದುತ್ತಾರೆ. ಒಪ್ಪಂದ ಮರೆತರೆ ಗುರುತೂ ದಾರಿ ತಪ್ಪಿಸುತ್ತದೆ.

ಯುರೋಪಿನಲ್ಲಿ ವಿಯೆತ್ 1591ರಲ್ಲಿ ಅವ್ಯಕ್ತಕ್ಕೆ ಸ್ವರಗಳನ್ನೂ ವ್ಯಕ್ತಕ್ಕೆ ವ್ಯಂಜನಗಳನ್ನೂ ಇಟ್ಟ. 1637ರಲ್ಲಿ ದೆಕಾರ್ತ್ ವರ್ಣಮಾಲೆಯ ಕೊನೆಯ ಅಕ್ಷರಗಳನ್ನು ಅವ್ಯಕ್ತಕ್ಕೆ ಕೊಟ್ಟ; ಶಾಲೆಯ ಎಕ್ಸ್, ವೈ ಬಂದದ್ದು ಹೀಗೆ.

1995ರ ನವೆಂಬರಿನಲ್ಲಿ ಪ್ರಕಟವಾದ ಎಚ್‌ಟಿಎಂಎಲ್ 2.0ರಲ್ಲಿ ವ್ಯಾರ್ ಎಂಬ ಟ್ಯಾಗ್ ಇದೆ: ‘ಇದು ಚರಾಕ್ಷರ’ ಎಂದು ಹೇಳುವುದೇ ಅದರ ಕೆಲಸ. ಬ್ರೌಸರ್ ಓರೆ ಮಾಡಿ ತೋರಿಸಿದರೂ ಓರೆ ಅದರ ಅರ್ಥವಲ್ಲ; ಬೇಡವಾದರೆ ತೆಗೆಯಬಹುದು. ದೊಡ್ಡ ಸಮೀಕರಣಗಳಿಗೆ 1998ರಲ್ಲಿ ಬಂದ ಮ್ಯಾಥ್‌ಎಂಎಲ್ ಇದೆ.

ನಾನೀಗ ಪ್ರತಿ ಚರಾಕ್ಷರಕ್ಕೂ ವ್ಯಾರ್ ಹಚ್ಚಿ, ಓರೆ ತೆಗೆದು, ಭಾಸ್ಕರನ ನೀಲಿ ಬಣ್ಣ ಕೊಟ್ಟಿದ್ದೀನಿ. ಬಣ್ಣ ಕಾಣದವರಿಗೆ ಅಡಿಗೆರೆಯೂ ಉಂಟು. ಟ್ಯಾಗ್ ಇದ್ದ ಮಾತ್ರಕ್ಕೆ ಪರದೆ ಓದುವ ಯಂತ್ರ ದನಿ ಬದಲಿಸುತ್ತದೆ ಅಂತ ನಂಬಬೇಡ್ರಿ. ಅದಕ್ಕೇ ವಾಕ್ಯವನ್ನೂ ತಿದ್ದಿದೆ: ‘ಆ ಎಂಬ ಚರಾಕ್ಷರದ ಬೆಲೆ ಕಂಡುಹಿಡಿಯಿರಿ.’ ಕನ್ನಡದಲ್ಲಿ ಗಣಿತ ಬರೆಯಲು ಅಕ್ಷರದ ಕೊರತೆ ಇಲ್ಲ. ಯಾವ ಅಕ್ಷರ ಏನೆಂದು ಓದುವವನಿಗೆ ಹೇಳುವ ಹೊಣೆ ಮಾತ್ರ ಬರೆಯುವವರದು.