ಮೈಸೂರು ಬ್ಯಾಂಕಿನ ಉದಯ

ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿಯಂತಹ ಹೋಬಳಿಗಳಲ್ಲಿ ಹಿಂದೆ ರೈತನ ಉಳಿತಾಯವು ಒಡವೆಯಲ್ಲಿಯೋ ಮಡಕೆಯಲ್ಲಿಯೋ ನಿದ್ರಿಸುತ್ತಿದ್ದಿತು. ಸಾಲ ಬೇಕಾದವನಿಗೆ ಸಾಹುಕಾರನೇ ಗತಿಯಾಗಿದ್ದನು. ಒಬ್ಬನ ಉಳಿತಾಯವು ಮತ್ತೊಬ್ಬನ ಉದ್ಯಮಕ್ಕೆ ಒದಗುವ ಮಾರ್ಗವು ವಿರಳವಾಗಿದ್ದಿತು.

ಈ ಕೊರತೆಯನ್ನು ನೀಗಲು ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ನೇತೃತ್ವದ ಸಮಿತಿಯ ಸಲಹೆಯಂತೆ, 1913ನೆಯ ಅಕ್ಟೋಬರ್ 2ರಂದು ಮೈಸೂರು ಬ್ಯಾಂಕು ಸ್ಥಾಪಿತವಾಯಿತು. ಕಾಲವಾದರೋ ವಿಷಮವಾಗಿದ್ದಿತು. 1906ರಲ್ಲಿ ಮದರಾಸಿನ ಅರ್ಬತ್‌ನಾಟ್ ಕಂಪೆನಿಯು ದಿವಾಳಿಯೆದ್ದು ಸಹಸ್ರಾರು ಜನರ ಹಣಕ್ಕೆ ಸಂಚಕಾರ ತಂದಿದ್ದಿತು. 1913ರ ಸೆಪ್ಟೆಂಬರಿನಲ್ಲಿಯೇ ಲಾಹೋರಿನ ಪೀಪಲ್ಸ್ ಬ್ಯಾಂಕು ಬಾಗಿಲು ಮುಚ್ಚಿದ್ದಿತು.

ಬ್ಯಾಂಕಿನ ಮರ್ಮವೂ ಅಪಾಯವೂ ಒಂದೇ ಎಡೆಯಲ್ಲಿವೆ. ಕೇಳಿದೊಡನೆ ಹಿಂದಿರುಗಿಸತಕ್ಕ ಹಣವನ್ನೂ ಅದು ದೀರ್ಘಾವಧಿಗೆ ಸಾಲ ಕೊಡುತ್ತದೆ. ಠೇವಣಿದಾರರೆಲ್ಲರೂ ಏಕಕಾಲದಲ್ಲಿ ಬಂದು ನಿಂತರೆ, ಸಾಲಗಾರರು ಸತ್ಯವಂತರಾಗಿದ್ದರೂ ಬ್ಯಾಂಕು ನಿಲ್ಲಲಾರದು. ಆದುದರಿಂದ ಕೈಯಲ್ಲಿ ನಗದು, ಸಾಲದಲ್ಲಿ ವಿವೇಕ, ಜನರಲ್ಲಿ ನಂಬಿಕೆ, ಈ ಮೂರೂ ಬೇಕು. ಆಗ ಮೇಲ್ವಿಚಾರಣೆಗೆ ರಿಜರ್ವ್ ಬ್ಯಾಂಕು ಇರಲಿಲ್ಲ. ಅದು ಹುಟ್ಟಿದುದು 1935ರಲ್ಲಿ. ಬ್ಯಾಂಕುಗಳನ್ನು ತನಿಖೆ ಮಾಡುವ ವಿಶಾಲವಾದ ಅಧಿಕಾರವು ಅದಕ್ಕೆ ದೊರೆತುದು 1949ರ ಶಾಸನದಿಂದ. ಅದುವರೆಗೆ ಮೈಸೂರು ಬ್ಯಾಂಕಿಗೆ ಸಂಸ್ಥಾನದ ಆಶ್ರಯವೇ ದೊಡ್ಡ ಬಲವಾಗಿದ್ದಿತು.

ಆದರೂ 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುರಿದುಬಿದ್ದಿತು. ಅದರ ಪಾಠದಿಂದ 1962ರಲ್ಲಿ ಠೇವಣಿಗೆ ವಿಮೆಯು ಏರ್ಪಟ್ಟಿತು. ಮೊದಲು 1,500 ರೂಪಾಯಿಯಿದ್ದ ಅದರ ಮಿತಿಯು 2020ರಲ್ಲಿ 5 ಲಕ್ಷಕ್ಕೇರಿತು. ಮೈಸೂರು ಬ್ಯಾಂಕು 1960ರಲ್ಲಿ ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾಗಿ, 2017ನೆಯ ಏಪ್ರಿಲ್ 1ರಂದು ಅದರಲ್ಲಿಯೇ ಲೀನವಾಯಿತು. ಹೆಸರು ಅಳಿಯಿತು, ಠೇವಣಿದಾರನ ಹಣವು ಅಳಿಯಲಿಲ್ಲ. ಅರ್ಬತ್‌ನಾಟ್ ಕಂಪೆನಿಯ ಅವಸಾನಕ್ಕೂ ಇದಕ್ಕೂ ಇರುವ ಅಂತರವೇ ಶಾಸನದ ಸಾರ್ಥಕ್ಯ.